ಹನ್ನೆರಡು ಗಂಟೆಯ ವ್ರತ

ಹೊತ್ತುಹೊತ್ತಿಗೆ ಊಟ ಮಾಡುವ ಶಿಸ್ತು ಐವತ್ತು ದಾಟಿದರೂ ನನಗೆ ಬಂದಿಲ್ಲ. ಆದರೆ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ತಂದ ದಿನದಿಂದ ಅದರ ಊಟ-ಉಪವಾಸಗಳ ಚಿಂತೆ ಮಾತ್ರ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಶಿವಮೊಗ್ಗದ ಅಂಗಡಿಯವನು ಅದನ್ನು ಕೈಗಿಡುವಾಗ, "ಮೊದಲ ಸಲ ಹನ್ನೆರಡು ಗಂಟೆ ಬಿಡದೆ ಚಾರ್ಜ್ ಮಾಡಿ ಸಾರ್. ಅಲ್ಲೀವರೆಗೆ ಬ್ಯಾಟರಿ ಮೇಲೆ ಓಡಿಸ್ಬೇಡಿ. ಆಮೇಲೆ ನೋಡಿ, ದೀರ್ಘಾಯುಷ್ಯ!" ಎಂದಿದ್ದ.

ಬೇರೆ ಯಾರಾದರೂ ಕಾರಣ ಕೇಳುತ್ತಿದ್ದರೋ ಏನೋ. ನಾನು ಮಾವಿನ ಮಿಡಿ ಉಪ್ಪಿನಕಾಯಿಯ ಮನೆಯಲ್ಲಿ ಬೆಳೆದವನು. ಬಹುಕಾಲ ಬಾಳಬೇಕಾದದ್ದಕ್ಕೆ ಮೊದಲು ಉಪ್ಪು ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಆಸೆಯಿಂದ ಹತ್ತಿರ ಬಂದವರ ಕೈಗೊಂದು ಏಟು ಕೊಡಬೇಕೆಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಹಾಗಾಗಿ ತಲೆಯಾಡಿಸಿ ಬಂದೆ. ಆ ನಿಯಮ ಹಳೇ ಕಾಲದ ಬ್ಯಾಟರಿಗಳದ್ದು, ಇದಕ್ಕೆ ಬೇಕಾಗಿಯೇ ಇರಲಿಲ್ಲ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ತೊಡಕು ಒಂದೇ. ನಮ್ಮ ಕೊಪ್ಪದಲ್ಲಿ ಹನ್ನೆರಡು ಗಂಟೆ ಒಂದೇ ಸಮನೆ ಕರೆಂಟು ಇರುವುದಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ. 'ಬಿಡದೆ' ಎಂದಮೇಲೆ ಬಿಡದೆ. ಸತ್ಯನಾರಾಯಣ ಕಥೆಯನ್ನು ನಡುವೆ ನಿಲ್ಲಿಸಿ ಕಾಫಿ ಕುಡಿದು ಬಂದು ಮುಂದುವರಿಸಲಾಗುತ್ತದೆಯೇ? ಪ್ರತಿ ಸಲವೂ ಗಂಟೆಯ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡುತ್ತಿದ್ದೆ. ಒಮ್ಮೆ ಕಂಬದಿಂದ ಇಳಿಯುತ್ತಿದ್ದ ಲೈನ್‌ಮ್ಯಾನ್ ಒಬ್ಬರನ್ನು ಹಿಡಿದು ನನ್ನ ಕಷ್ಟ ತೋಡಿಕೊಂಡೆ. ಅವರು ಕನಿಕರದಿಂದ ನೋಡಿ, "ಹನ್ನೆರಡು ಗಂಟೆಯಾ ಮಾರಾಯ್ರೇ? ನಮ್ಮ ಮನೆಗೇ ಸಿಕ್ಕಿಲ್ಲ" ಎಂದರು.

ಕೊನೆಗೆ ಶೃಂಗೇರಿಯಲ್ಲಿ ಜನರೇಟರ್ ಇರುವ ವಸತಿಗೃಹವೊಂದರಲ್ಲಿ ರೂಮು ಹಿಡಿದೆ. ದರ್ಶನದ ಹೊತ್ತು ಕೇಳದೆ ಪ್ಲಗ್ಗು ಎಲ್ಲಿದೆ ಎಂದು ಕೇಳಿದ ಯಾತ್ರಿಕನನ್ನು ಮ್ಯಾನೇಜರು ಅನುಮಾನದಿಂದಲೇ ನೋಡಿದ. ಅಲ್ಲೂ ಕರೆಂಟು ಹೋಯಿತು. ಜನರೇಟರ್ ಕೆಮ್ಮಿ, ಕ್ಯಾಕರಿಸಿ ಏಳುವಷ್ಟರಲ್ಲಿ ಚಾರ್ಜರಿನ ದೀಪ ಆರಿ ಹತ್ತಿತ್ತು. ವ್ರತಭಂಗ! ತುಂಗೆಯ ಮೀನುಗಳಿಗೆ ಒಂದಿಷ್ಟು ಮಂಡಕ್ಕಿ ಹಾಕಿ ಮನೆಗೆ ಬಂದೆ. "ನನ್ನ ಬಾಣಂತನಕ್ಕೂ ನೀವು ಇಷ್ಟು ಓಡಾಡ್ಲಿಲ್ಲ" ಎಂದಳು ಹೆಂಡತಿ ಸುಮಿತ್ರೆ.

ಇಷ್ಟರಲ್ಲಿ ಮುತ್ತಿನಕೊಪ್ಪದಿಂದ ಸರೋಜತ್ತೆ ಬಂದಳು. ಅಪ್ಪನ ತಂಗಿ, ಎಂಬತ್ತರ ಹತ್ತಿರದವಳು. ಅಂಬೆಗಾಲಿಡುವಾಗಲೇ ತಾಯಿಯನ್ನು ಕಳೆದುಕೊಂಡವಳಿಗೆ ಅಮ್ಮನ ಮುಖ ಹೇಗಿತ್ತೆಂದೇ ಗೊತ್ತಿರಲಿಲ್ಲ. ನೆಂಟರ ಮನೆಯ ಹಳೆಯ ಮದುವೆ ಫೋಟೋ ಒಂದರಲ್ಲಿ, ಹಿಂದಿನ ಸಾಲಿನಲ್ಲಿ, ಉಗುರಿನಷ್ಟು ಮುಖವಾಗಿ ನಮ್ಮ ಆ ಅಜ್ಜಿ ಸಿಕ್ಕಿದ್ದಳು. ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿ ಸಿ.ಡಿ.ಗೆ ಹಾಕಿಕೊಟ್ಟಿದ್ದರು, ನಾನು ಲ್ಯಾಪ್‌ಟಾಪಿಗೆ ಇಳಿಸಿಟ್ಟಿದ್ದೆ. ಅದನ್ನು ನೋಡಲೆಂದೇ ಅತ್ತೆ ಬಂದದ್ದು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಬಂದವರಿಗೆ ಮೊದಲು ಊಟ, ಉಳಿದದ್ದು ಆಮೇಲೆ ಎಂಬುದು ನಮ್ಮ ಕ್ರಮವಾದ್ದರಿಂದ ಊಟ ಮುಗಿಯಿತು. ಅತ್ತೆ ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. ನಾನು ಗುಂಡಿ ಒತ್ತುವ ಮೊದಲೇ ಕರೆಂಟು ಹೋಯಿತು.

"ಈಗ ಬರ್ತದೆ ಅತ್ತೆ" ಎಂದೆ. ಬರಲಿಲ್ಲ. ಅತ್ತೆ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದಳು.

"ಬ್ಯಾಟರಿ ಇದೆಯಲ್ಲ?" ಎಂದಳು ಸುಮಿತ್ರೆ.

"ಅದು ಇನ್ನೂ ಹದಕ್ಕೆ ಬಂದಿಲ್ಲ."

"ಅತ್ತೆ ಹುಟ್ಟಿದಾಗಿಂದ ಕಾಯ್ತಿದ್ದಾರೆ, ಅವರು ಹದಕ್ಕೆ ಬಂದಿದ್ದಾರೆ. ಒತ್ರೀ!"

ನಾಚಿಕೆಯಾಯಿತು. ಒತ್ತಿದೆ. ಪರದೆಯ ತುಂಬ ಮೂಗುಬೊಟ್ಟಿನ ಹುಡುಗಿಯೊಬ್ಬಳು ಬಂದು ನಿಂತಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದಳು.

"ಇಷ್ಟು ಸಣ್ಣೋಳಾ ನನ್ನಮ್ಮ?" ಎಂದಳು ಆಮೇಲೆ. "ಅಜ್ಜಿ ಥರ ಇರ್ತಾಳೆ ಅಂದ್ಕೊಂಡಿದ್ದೆ. ನನ್ನ ಮೊಮ್ಮಗಳ ಪ್ರಾಯ ಮಾರಾಯ!" ಎನ್ನುತ್ತ ಪರದೆಯ ಗಲ್ಲ ಸವರಿದಳು.

ಹೊರಗೆ ಬಸ್ಸಿನ ಹಾರನ್ನು ಕೇಳಿತು. ಯಾರೂ ಏಳಲಿಲ್ಲ. ಹೊತ್ತು ಇಳಿದರೂ ಕರೆಂಟು ಬರಲಿಲ್ಲ. ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತಿದೆ, ಕೂಡಲೇ ಚಾರ್ಜರ್ ಹಾಕಿ ಎಂಬ ಎಚ್ಚರಿಕೆಯ ಚೌಕವೊಂದು ಪರದೆಯ ಮೇಲೆ ಟಣ್ಣೆಂದು ಎದ್ದಿತು.

"ಎಂತದಾ ಅದು, ಅಮ್ಮನ ಹಣೆ ಮೇಲೆ?"

"ಎಂತದೂ ಇಲ್ಲ ಅತ್ತೆ, ನೀನು ನೋಡು" ಎಂದು ಆ ಚೌಕವನ್ನು ಮುಚ್ಚಿದೆ.