ಅನ್ಯಕೋಮಿನ ಖಾರಪುಡಿ

"ಮೂವತ್ತೊಂದು ವರ್ಷದಾಗ ನನ್ನ ಪತ್ರಿಕೆ ಒಂದ ಒಂದು ತಿದ್ದುಪಡಿ ಹಾಕಿಲ್ಲ" ಎಂದು ಹಜರತಅಲಿಯವರು ಹೇಳದ ಚಹಾದಂಗಡಿ ರಾಣೆಬೆನ್ನೂರಿನಲ್ಲಿ ಇರಲಿಲ್ಲ. ಐರಣಿಯ ಹತ್ತಿರ ತುಂಗಭದ್ರೆ ಮನಸ್ಸು ಬದಲಿಸಿ ಹಿಂದಕ್ಕೆ ಹರಿದರೂ ಹರಿದೀತು, ಅವರ ವಾಕ್ಯ ಮಾತ್ರ ಹಿಂದಕ್ಕೆ ಸರಿಯದು. 'ಹೊಸಿಲು' ಎಂಬ ಅವರ ವಾರಪತ್ರಿಕೆಗೆ ಸಂಪಾದಕ, ವರದಿಗಾರ, ಕರಡು ತಿದ್ದುವವ, ಹಂಚುವವ ಎಲ್ಲಾ ಅವರೇ. ಹಾಗಾಗಿ ಕಚೇರಿಯಲ್ಲಿ ಜಗಳವಾದರೆ ಬಿಡಿಸುವವರೂ ಅವರೇ.

ಇದರ ಜೊತೆಗೆ ಪುಸ್ತಕವೊಂದನ್ನು ಬರೆಯುತ್ತಿದ್ದರು. ಜಾತಿ-ಧರ್ಮದ ಸುದ್ದಿ ಬರೆಯುವಾಗ ಪತ್ರಿಕೆಗಳು ಯಾವ ಶಬ್ದದಿಂದ ಯಾರ ಬೆನ್ನಿಗೆ ಬರೆ ಎಳೆಯುತ್ತವೆ ಎಂಬುದು ವಿಷಯ. ಅದರಲ್ಲಿ ಎಂಬತ್ತು ಪುಟ ಒಂದೇ ಶಬ್ದಕ್ಕೆ ಮೀಸಲು: 'ಅನ್ಯಕೋಮು'. ಪೇಪರಿನಲ್ಲಿ 'ಅನ್ಯಕೋಮಿನ ಯುವಕ' ಎಂದು ಬಂದರೆ ಅವನು ಮುಸಲ್ಮಾನ ಎಂದು ತೊಟ್ಟಿಲ ಕೂಸಿಗೂ ತಿಳಿಯುತ್ತದೆ. "ಯಾರಿಗೆ ಅನ್ಯ? ಬರಿಯೋನಿಗೆ ಅನ್ಯ ಆಗಿರಬೇಕಲ್ಲ? ಹಂಗಾರ ನಾ ಬರದಾಗ ಅನ್ಯರು ಯಾರಾದ್ರು?" ಎಂದು ಅವರು ಕೇಳಿದಾಗಲೆಲ್ಲ ಚಹಾದವನು ಪಾತ್ರೆಯನ್ನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದ.

ಮಾತಿನಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಬ್ಯಾಡಗಿಯಲ್ಲಿ ಕೊಟ್ರೇಶಪ್ಪನ ಮೆಣಸಿನಕಾಯಿ ಅಂಗಡಿ. ಒಣಗಾಯಿಯ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರನ್ನು ಅಲ್ಲಿನ ಗುಮಾಸ್ತ ಒಂದು ದಿನ ಸೀಟಿ ಹೊಡೆದು ಕರೆದ. ಉಡಚವ್ವ ಎಂಬಾಕೆ ಎದ್ದು, ಚೀಲದ ತಳದ ಖಾರಪುಡಿ ಒಂದು ಬೊಗಸೆ ಅವನ ಮುಖಕ್ಕೆ ಎರಚಿದಳು. ಅವನು ಸೀನಿದ ರಭಸಕ್ಕೆ ಹೊರಗೆ ನಿಂತಿದ್ದ ಬಸ್ಸು ಡ್ರೈವರ್ ಇಲ್ಲದೆಯೇ ನಾಲ್ಕು ಮಾರು ಮುಂದೆ ಹೋಯಿತಂತೆ.

ಸುದ್ದಿ ಕೇಳಿ ಹಜರತಅಲಿಯವರಿಗೆ ಹಿಗ್ಗೋ ಹಿಗ್ಗು. ಬಡ ಹೆಂಗಸಿಗೆ ತೊಂದರೆ ಆದೀತೆಂದು ಹೆಸರು ಬಿಟ್ಟು ಬರೆಯತೊಡಗಿದರು. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು, ಎಂಬತ್ತು ಪುಟದ ಸಿದ್ಧಾಂತ ಎದ್ದು ಕುಳಿತಿತು. 'ಅನ್ಯಕೋಮಿನ ಮಹಿಳೆ' ಎಂದು ಬರೆದರು. ಬರೆದವರು ಹಜರತಅಲಿ, ಅವರಿಗೆ ಉಡಚವ್ವ ಅನ್ಯಕೋಮು. ವ್ಯಾಕರಣ ಸರಿ, ತರ್ಕ ಸರಿ. ಆ ಎಂಬತ್ತು ಪುಟ ಓದಿದವರು ಭೂಮಿಯ ಮೇಲೆ ತಾವೊಬ್ಬರೇ ಎಂಬುದನ್ನಷ್ಟೇ ಮರೆತರು.

ಪತ್ರಿಕೆ ಬಂದ ಮೂರನೇ ದಿನ ಇಬ್ಬರು ಹೆಂಗಸರು ಅವರ ಕಚೇರಿಯ ಮೆಟ್ಟಿಲು ಹತ್ತಿದರು. ಒಬ್ಬಾಕೆ ಉಡಚವ್ವ, ಇನ್ನೊಬ್ಬಾಕೆ ಅದೇ ಅಂಗಡಿಯ ಮೈಮುನಾಬಿ.

"ಭಾಯಿ, ಮಾಲಕ್ರು ನಾಳಿಂದ ಬರಬ್ಯಾಡ ಅಂದ್ರು" ಎಂದಳು ಮೈಮುನಾಬಿ. "ಹನ್ನೆರಡು ವರ್ಷದ ಕೆಲಸ. ಆ ಅಂಗಡ್ಯಾಗ ನಮ್ಮ ಪೈಕಿ ನಾ ಒಬ್ಬಾಕೇನ."

"ಅಲ್ಲ, ಎರಚಿದಾಕಿ ನೀ ಅಲ್ಲಲ್ಲ?"

"ನಾನ್ರೀ ಎರಚಿದಾಕಿ" ಎಂದಳು ಉಡಚವ್ವ. "ಮಾಲಕ್ರು ಅವತ್ತು ಹಾವೇರಿಗೆ ಮದವಿಗೆ ಹೋಗಿದ್ರು. ಆಣಿ ಮಾಡಿ ಹೇಳಿದೆ. 'ಗೆಳತಿ ಸಲುವಾಗಿ ಸುಳ್ಳ ಹೇಳಬ್ಯಾಡ, ಪೇಪರಿನ್ಯಾಗ ಬಂದೈತಿ' ಅಂದ್ರು. ಜೀವಮಾನದಾಗ ಒಂದು ಗಟ್ಟಿ ಕೆಲಸ ಮಾಡಿದ್ದೆ ಸಾಹೇಬ್ರ, ಅದನ್ನೂ ಒಯ್ದು ಈಕಿ ಹೆಸರಿಗೆ ಹಚ್ಚಿದ್ರಿ."

"ಆ ಗುಮಾಸ್ತ ಏನಂದ?"

"ಕಣ್ಣಾಗ ಖಾರ ಹೊಕ್ಕಾವ ಏನ ನೋಡ್ಯಾನ್ರಿ?"

ಹಜರತಅಲಿಯವರು ಕನ್ನಡಕ ತೆಗೆದು ಒರೆಸಿದರು. "ಶಾಸ್ತ್ರ ಪ್ರಕಾರ ನೋಡಿದ್ರ ನಾ ಬರದದ್ದು ಖರೇನ ಐತಿ. ನನ್ನ ಪುಸ್ತಕದ ಮೂರನೇ ಅಧ್ಯಾಯದಾಗ..."

"ಮೂರನೇ ಅಧ್ಯಾಯ ನನ್ನ ಕೆಲಸ ತಿರುಗಿ ಕೊಡಸ್ತದೇನು ಭಾಯಿ?"

ಹಜರತಅಲಿಯವರು ಕನ್ನಡಕ ಏರಿಸಿ ಹಾಳೆ ಎಳೆದುಕೊಂಡರು. ಮೂವತ್ತೊಂದು ವರ್ಷದ ಮೊದಲ ತಿದ್ದುಪಡಿ ಬರೆಯಲು ಕುಳಿತರು. 'ಸದರಿ ಮಹಿಳೆ ಅನ್ಯಕೋಮಿನವರಲ್ಲ, ಸ್ವಕೋಮಿನವರು' ಎಂದು ಬರೆದು ಓದಿ ತೋರಿಸಿದರು.

ಮೈಮುನಾಬಿ ಹಣೆ ಗಟ್ಟಿಸಿಕೊಂಡಳು. "ಪೇಪರ್ ನಿಮ್ಮದು. ನಿಮ್ಮ ಸ್ವಂತ ಕೋಮು ಅಂದ್ರ ಮತ್ತ ನಾನ ಆದ್ನಿ."

ಹರಿದೆಸೆದ ಹಾಳೆಗಳು ಮೊಣಕಾಲ ಮಟ ಬಂದವು; ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಮೂವರನ್ನೂ ದೋಣಿಯಲ್ಲಿ ಹೊರತರಬೇಕಾಗುತ್ತಿತ್ತು. ಕಡೆಗೆ ಉಡಚವ್ವನಿಗೆ ತಡೆಯಲಾಗಲಿಲ್ಲ.

"ಕೋಮು ಬಿಡ್ರಿ, ನನ್ನ ಹೆಸರ ಹಾಕ್ರಿ. ಸೆರಗ ಸರಿ ಮಾಡ್ಕೊಂತೇನಿ, ಫೋಟೋನೂ ತಗೀರಿ."

"ನಿನ್ನ ಕೆಲಸಕ್ಕ ಕುತ್ತು ಬಂದೀತು ಯವ್ವಾ."

"ಬರಂಗಿಲ್ಲ. ಎರಚಿದ ಕೈ ಯಾವದಂತ ಗೊತ್ತಾದ್ರ ನನ್ನ ತಂಟಿಗೆ ಯಾವನೂ ಬರಂಗಿಲ್ಲ."

ಹಾಗೆ ಆ ವಾರ 'ಹೊಸಿಲು' ಮುಖಪುಟದಲ್ಲಿ ಉಡಚವ್ವನ ಫೋಟೋ, ಹೆಸರು, ಕೆಳಗೆ ದಪ್ಪಕ್ಷರದಲ್ಲಿ 'ತಪ್ಪು ಸಂಪಾದಕರದು'. ಆ ಎರಡು ಪದ ಬರೆಯಲು ಹಜರತಅಲಿಯವರಿಗೆ ಎಂಬತ್ತು ಪುಟಕ್ಕಿಂತ ಹೆಚ್ಚು ಬೆವರು ಹರಿಯಿತು. ಚಹಾದವನು ಪುಟವನ್ನು ಗೋಡೆಗೆ ಅಂಟಿಸಿದ, ಅವರು ಕೂರುವ ಬಾಕಿನ ಎದುರಿಗೇ.

ಪತ್ರಿಕೆ ಹಿಡಿದು ತಾವೇ ಬ್ಯಾಡಗಿಗೆ ಹೋದರು, ಮೈಮುನಾಬಿಯನ್ನೂ ಕರೆದುಕೊಂಡು. ಕೊಟ್ರೇಶಪ್ಪ ಎರಡು ಸಲ ಓದಿದ. ಫೋಟೋ ನೋಡಿದ, ಒಳಗೆ ಕುಳಿತ ಉಡಚವ್ವನ ಕೈ ನೋಡಿದ, ಅವಳ ತಂಟೆಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತ ಮೈಮುನಾಬಿಗೆ "ಹೋಗು, ನಿನ್ನ ಜಾಗಾದಾಗ ಕುಂದರು" ಎಂದ. ಅವಳು ಒಳಗೆ ಹೋದ ಮೇಲೆ ಅವನ ದನಿ ಏರಿತು.

"ಅಲಿ ಸಾಹೇಬ್ರ, ತಪ್ಪು ನಿಮ್ಮದು, ಕೆಟ್ಟ ಹೆಸರು ನನಗ. ಅನ್ಯಕೋಮು ಅಂದ್ರ ಯಾರು ಅಂತ ಇಡೀ ಜಿಲ್ಲಾಕ್ಕ ಗೊತ್ತೈತಿ. ನಿಮಗೊಬ್ಬರಿಗೇ ಗೊತ್ತಿಲ್ಲೇನು?"

"ತಪ್ಪು ನಂದ ಖರೇ, ಅಚ್ಚು ಹಾಕೇನಿ" ಎಂದರು ಹಜರತಅಲಿ. "ಆದ್ರ ಕೊಟ್ರೇಶಪ್ಪ, ಹನ್ನೆರಡು ವರ್ಷ ನಿಮ್ಮ ಕಣ್ಣ ಮುಂದ ಕುಂತಾಕಿ ಎಂಥಾಕಿ ಅಂತ ನನ್ನ ಪೇಪರಿಗೆ ಕೇಳಿದ್ರಿ. ಆಕೀನ ಯಾಕ ಕೇಳಲಿಲ್ರಿ?"