ಅಮ್ಮಾಯಿಗೆ ಬಾರದ ಅಳು

ನಿನ್ನೆ ಬಂಡಳ್ಳಿಯಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದೆ. ಸುಟ್ಟ ಬೆರಣಿ, ಚೆಂಡುಹೂವಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಮತ್ತೆ ಆರನೇ ಕ್ಲಾಸಿನ ಹುಡುಗಿಯಾಗಿಬಿಟ್ಟೆ.

ನಮ್ಮಮ್ಮನ ತಾಯಿಯನ್ನು ನಾವು ಅಮ್ಮಾಯಿ ಅನ್ನುತ್ತಿದ್ದೆವು. ಕಲ್ಲು ಒಡೆಯಲು ತಾತನ ಜೊತೆ ಸೇಲಂ ಕಡೆಯಿಂದ ಹನೂರಿಗೆ ಬಂದವಳು. ನಮ್ಮ ಬೀದಿಯಲ್ಲಿ ಯಾರೇ ಸತ್ತರೂ ಹೆಂಗಸರು ದುಂಡಗೆ ಕೂತು, ಒಬ್ಬರ ಹೆಗಲನ್ನೊಬ್ಬರು ಹಿಡಿದು, ಸತ್ತವರ ಒಂದೊಂದು ಗುಣವನ್ನೂ ತಮಿಳಿನಲ್ಲಿ ಹಾಡಿ ಅಳುತ್ತಿದ್ದರು. ಮೊದಲ ಸಾಲು ಯಾವಾಗಲೂ ಅಮ್ಮಾಯಿಯದು.

ತಾತ ಸತ್ತ ದಿನ ನನ್ನ ಕ್ಲಾಸಿನ ಹುಡುಗಿಯರೂ ಬಂದಿದ್ದರು. ಅಮ್ಮಾಯಿ ಹಾಡು ಎತ್ತಿಕೊಂಡಳು. ಅವರಲ್ಲೊಬ್ಬಳು ಕಿಸಕ್ಕನೆ ನಕ್ಕಳು. ನಾನು ನುಗ್ಗಿ ಹೋಗಿ, "ಕನ್ನಡದಲ್ಲಿ ಅಳು ಅಮ್ಮಾಯಿ, ಮಾನ ಓಯ್ತದೆ" ಅಂದೆ.

"ಅಮ್ಮಿ, ಅಳಕ್ಕೂವೆ ನಿನ್ ಅಪ್ಪಣೆ ಬೇಕಾ? ಸುಮ್ಕಿರು" ಎಂದು ಪಕ್ಕದ ಮನೆ ಪುಟ್ಟಮ್ಮ ನನ್ನನ್ನು ಗದರಿದಳು.

ಆದರೆ ಅಮ್ಮಾಯಿ ನನ್ನ ಮಾತು ನಡೆಸಲು ನೋಡಿದಳು. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಕ್ವಾರಿಯಲ್ಲಿ ಮೇಸ್ತ್ರಿಯ ಮುಂದೆ ಕೈಕಟ್ಟಿ ಆಡಿದ್ದು. ತಾತನ ಹೆಣ ನೋಡುತ್ತಾ, "ಒಳ್ಳೇವ್ರು ಸಾ... ದಿನಾ ಕೆಲ್ಸಕ್ಕೆ ಬರೋರು ಸಾ" ಅಂದಳು. ಅವಳ ಕನ್ನಡ ಅಷ್ಟಕ್ಕೇ ಮುಗಿಯಿತು. ಹೆಂಗಸರ ಕೈಗಳು ಅವಳ ಹೆಗಲಿನಿಂದ ಜಾರಿದವು. ತಾತನನ್ನು ಹಾಡಿಲ್ಲದೆ ಎತ್ತಿದರು. ಆಮೇಲೆ ಅಮ್ಮಾಯಿ ಯಾರ ಸಾವಿಗೂ ಹಾಡಲಿಲ್ಲ.

ಈಗ ನಾನು ತಾಯ್ನುಡಿಯ ಹಕ್ಕಿಗಾಗಿ ಕರಪತ್ರ ಬರೆದು ಹಂಚುತ್ತೇನೆ. ಬಡವರ ನುಡಿಯನ್ನು ಕಿತ್ತುಕೊಂಡವರು ಯಾರ್‍ಯಾರು ಎಂದು ಅದರಲ್ಲಿ ಪಟ್ಟಿ ಮಾಡಿದ್ದೇನೆ. ನನ್ನ ಹೆಸರನ್ನು ಇನ್ನೂ ಸೇರಿಸಿಲ್ಲ.