ಕಾಕಾ ಮನೆಯಲ್ಲಿ ಬೀಳಲಿಲ್ಲ

ಕುಲಗೋಡ ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ಜೋಳದ ಹೊಲವಿದೆ. ಮೊನ್ನೆ ಅಲ್ಲಿ ಹೊಸದಾಗಿ ಒಂದು ಬೆದರುಗೊಂಬೆ ನಿಲ್ಲಿಸಿದ್ದರು. ತಲೆಗೆ ಮಣ್ಣಿನ ಗಡಿಗೆ, ಕೈಗೆ ಅಡ್ಡ ಬಡಿಗೆ, ಮೈಗೆ ಕಿತ್ತಳೆ ಬಣ್ಣದ ಜಾಕೆಟ್. ಎದೆಯ ಮೇಲಿನ ಬೆಳ್ಳಿ ಪಟ್ಟಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಟಿಕೆಟ್ ಕೊಡುತ್ತಿದ್ದವಳು ಬಸ್ಸಿನ ಕಂಬಿ ಹಿಡಿದು ಹಾಗೇ ನಿಂತುಬಿಟ್ಟೆ.

"ಏನ್ರಿ ಮೇಡಂ, ಚಿಲ್ಲರಾ ಕೊಡ್ತೀರೋ ಇಲ್ಲೋ?" ಎಂದು ಒಬ್ಬ ಮುದುಕ ಕೇಳಿದ. ಕೊಟ್ಟೆ. ಆದರೆ ಮೈಯೆಲ್ಲ ಉರಿಯುತ್ತಿತ್ತು. ಇಂಥದೇ ಒಂದು ಜಾಕೆಟ್ಟು ನಮ್ಮ ಪಕ್ಕದ ಮನೆಯ ಕಾಕಾನನ್ನು ತಿಂದುಹಾಕಿತ್ತು. ಜಾಕೆಟ್ಟು ಮನುಷ್ಯನನ್ನು ತಿನ್ನುತ್ತದೆಯೇ ಎಂದು ನೀವು ಕೇಳಬಹುದು. ಅದನ್ನು ಹಾಕಿಸಿದವರು ತಿಂದರು, ಸಾಕೆ?

ನಾನು ಕಂಡಕ್ಟರ್. ಗೋಕಾಕದಿಂದ ಮಮದಾಪುರ, ಕುಲಗೋಡ, ಮೂಡಲಗಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಬಾಯಿ ಜೋರು ಎಂದು ಡಿಪೋದಲ್ಲಿ ನನಗೆ ಹೆಸರಿದೆ. ಇರಲಿ. ಮೆತ್ತಗೆ ಮಾತಾಡಿ ಈ ಮಾರ್ಗದಲ್ಲಿ ಯಾರನ್ನೂ ಬಾಗಿಲಿನಿಂದ ಒಳಗೆ ಸರಿಸಲು ಆಗುವುದಿಲ್ಲ.

ಕಾಕಾನ ಮನೆ ಮಮದಾಪುರದಲ್ಲಿ ನಮ್ಮ ಮನೆಗೆ ಗೋಡೆಗೆ ಗೋಡೆ. ಅಣ್ಣತಮ್ಮಂದಿರು ಕುರಿಯ ಹಿಂದೆ ಹೋದರು, ಈತ ಚಿಕ್ಕ ವಯಸ್ಸಿಗೇ ಹಮಾಲಿಗೆ ಬಿದ್ದ. ಆದರೆ ಕಂಬಳಿ ಮಾತ್ರ ಬಿಡಲಿಲ್ಲ. ಕರಿ ಕಂಬಳಿ, ಅವರ ಮನೆಯ ಕುರಿಯದೇ ಉಣ್ಣೆ. ಅದನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಹಾಕಿಕೊಂಡರೆ ಅದರ ಮೇಲೆ ಚೀಲ ಕಚ್ಚಿಕೊಂಡು ಕೂರುತ್ತಿತ್ತು. ಇಬ್ಬರು ಎತ್ತಿ ಕೊಡಬೇಕು, ಒಬ್ಬ ಹೊರಬೇಕು. "ಕೈ ಹಚ್ಚೋ" ಎಂದು ಕೂಗಿದರೆ ಕೈಯಲ್ಲಿದ್ದ ಬೀಡಿ ಬಿಟ್ಟು ಬರುವುದು ಆ ಹಮಾಲರ ಟೋಳಿಯ ರೀತಿಯಾಗಿತ್ತು.

ದಿನಾ ಬೆಳಿಗ್ಗೆ ನನ್ನ ಬಸ್ಸಿಗೇ ಬರುತ್ತಿದ್ದ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. "ಕಾಕಾ, ನಿನ್ನ ಕಂಬಳಿ ವಾಸನಿಗೆ ನನ್ನ ಮಂದಿ ಇಳದ ಹೊಕ್ಕಾರ ನೋಡು" ಎಂದು ನಾನು ಕಾಡಿಸುತ್ತಿದ್ದೆ. "ಇಳೀಲಿ ಬಿಡವಾ, ನಿನಗ ಕುಂದ್ರಾಕ ಜಾಗಾ ಆಕ್ಕೈತಿ" ಎನ್ನುತ್ತಿದ್ದ. ಇಳಿಯುವಾಗ ತಪ್ಪದೆ ಒಂದು ಮಾತು: "ಸಂಜೀಕ ಜಾಗಾ ಹಿಡದ ಇಡು." ಮುಂಜಾನೆ ನಿಂತು ಹೋಗುವ ಮನುಷ್ಯನಿಗೆ ಸಂಜೆ ಮಾತ್ರ ಸೀಟು ಬೇಕಾಗುತ್ತಿತ್ತು...

ಮೊದಲು ಆತ ವ್ಯಾಪಾರಿಗಳ ಅಂಗಡಿಗಳಲ್ಲಿ ಹೊರುತ್ತಿದ್ದ. ಆಮೇಲೆ ಮೂಡಲಗಿ ರಸ್ತೆಯಲ್ಲಿ ಆ ದೊಡ್ಡ ತಗಡಿನ ಗೋದಾಮು ಎದ್ದಿತು. ಗೊಬ್ಬರ, ಗೋವಿನಜೋಳ, ದನದ ಹಿಂಡಿ, ಎಲ್ಲ ಅಲ್ಲಿಗೇ ಬಂದು ಅಲ್ಲಿಂದಲೇ ಹೋಗತೊಡಗಿತು. ಇನ್ನು ಕೆಲಸವಿಲ್ಲ ಎಂದು ಅಂಗಡಿಯವರು ಟೋಳಿಗೆ ಕೈಮುಗಿದರು. ಗೋದಾಮಿನವರು ತಾವು ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದರು. ಹುಕ್ಕೇರಿಯ ಒಂದು ಏಜೆನ್ಸಿ ಇವರನ್ನೆಲ್ಲ ಹೆಸರು ಹಚ್ಚಿಕೊಂಡು ಅಲ್ಲಿಗೆ ಕಳಿಸಿತು. ಅದೇ ಟೋಳಿ, ಅದೇ ಬೆನ್ನು, ಅದೇ ಚೀಲ. ಆದರೆ ಮನುಷ್ಯರು ಮಾತ್ರ ಈಗ ಏಜೆನ್ಸಿಯವರು.

ಏಜೆನ್ಸಿ ಕೊಟ್ಟದ್ದು ಒಂದೊಂದು ನಂಬರು ಮತ್ತು ಒಂದೊಂದು ಜಾಕೆಟ್. ಗೇಟಿನ ಕೋಣೆಯಲ್ಲಿ ಸಾಲಾಗಿ ಗೂಟ ಹೊಡೆದಿದ್ದರು. ಬೆಳಿಗ್ಗೆ ಬಂದವನು ತನ್ನ ನಂಬರಿನ ಜಾಕೆಟ್ ತೊಟ್ಟುಕೊಳ್ಳಬೇಕು, ಸಂಜೆ ತಿರುಗಿ ಅಲ್ಲೇ ತೂಗುಹಾಕಬೇಕು. ಗೂಟ ಖಾಲಿ ಇದ್ದರೆ ಆತ ಕೆಲಸಕ್ಕೆ ಬಂದಿದ್ದಾನೆ, ಜಾಕೆಟ್ ತೂಗುತ್ತಿದ್ದರೆ ಬಂದಿಲ್ಲ. ಹಾಜರಿ ಎಂದರೆ ಅಷ್ಟೇ.

ಒಂದು ದಿನ ಕಾಕಾ ಬರಿ ಅಂಗಿಯಲ್ಲಿ ಬಸ್ಸು ಹತ್ತಿದ. ಹೆಗಲು ಬೋಳಾಗಿ ಕಾಣುತ್ತಿತ್ತು.

"ಕಂಬಳಿ ಎಲ್ಲಿ ಕಾಕಾ?"

"ಬ್ಯಾಡಂತವಾ. ಜಾಕೆಟ್ ಮ್ಯಾಲೆ ಏನೂ ಹಾಕಬಾರದಂತ. ಕ್ಯಾಮೆರಾದಾಗ ಪಟ್ಟಿ ಕಾಣಬೇಕಂತ."

"ಹಂಗಾರ ಒಳಗ ಹಾಕ್ಕೊ."

"ಒಳಗ ಹಾಕ್ಕೊಂಡ ಏನ ಮಾಡ್ಲಿ? ಚೀಲ ಜಾರೂದು ಜಾಕೆಟ್ ಮ್ಯಾಲಿಂದ. ಚೀಲಾನೂ ಪ್ಲಾಸ್ಟಿಕ್, ಜಾಕೆಟ್ಟೂ ಪ್ಲಾಸ್ಟಿಕ್. ಬೆನ್ನಿಗೆ ಎಣ್ಣಿ ಹಚ್ಚಿದಂಗ ಆಗೇತಿ." ಹೇಳಿ ತಾನೇ ನಕ್ಕ.

ಏಜೆನ್ಸಿಯ ಸುಪರ್‌ವೈಜರನಿಗೂ ಹೇಳಿದ್ದನಂತೆ. "ಮಂದಿಗೆ ಯಾರಿಗೂ ಜಾರವಲ್ದು, ನಿನಗಷ್ಟ ಯಾಕ ಜಾರತೈತಿ?" ಎಂದನಂತೆ ಆತ. ಮಂದಿಗೂ ಜಾರುತ್ತಿತ್ತು. ಅವರು ಬಾಯಿ ಬಿಡುತ್ತಿರಲಿಲ್ಲ ಅಷ್ಟೇ. ಟೋಳಿಯಲ್ಲಿ ಆಳು ಕಡಿಮೆ ಮಾಡಿದ್ದರು, ಚೀಲ ಒಟ್ಟುವ ಥಪ್ಪಿಗಳು ತಗಡು ಮುಟ್ಟುವಷ್ಟು ಎತ್ತರಕ್ಕೆ ಏರಿದ್ದವು. ಒಬ್ಬೊಬ್ಬನ ಚೀಲವನ್ನೂ ಬೇರೆ ಬೇರೆ ಎಣಿಸುತ್ತಿದ್ದರಿಂದ ಇನ್ನೊಬ್ಬನಿಗೆ ಕೈ ಹಚ್ಚಲು ನಿಂತವನೇ ಹಿಂದೆ ಬೀಳುತ್ತಿದ್ದ. "ಕೈ ಹಚ್ಚೋ" ಎಂದು ಕೂಗುವುದೂ ನಿಂತುಹೋಯಿತು ಎಂದು ಕಾಕಾ ಒಮ್ಮೆ ಹೇಳಿದ್ದ.

ಅವತ್ತು ಮಳೆ ಹಿಡಿದಿತ್ತು. ಕಾಕಾ ತಲೆಗೆ ಗೊಬ್ಬರದ ಖಾಲಿ ಚೀಲದ ಕೊಪ್ಪೆ ಹಾಕಿಕೊಂಡು ಗೋದಾಮಿನ ಗೇಟಿಗೆ ಇಳಿದ. "ಸಂಜೀಕ ಜಾಗಾ..." ಎಂದದ್ದು ಮಳೆಯಲ್ಲಿ ಪೂರ್ತಿ ಕೇಳಿಸಲಿಲ್ಲ. ಸಂಜೆ ನಾನು ಬಾಗಿಲ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟು ಕಾದೆ. ಕಾಕಾ ಬರಲಿಲ್ಲ. ಟೋಳಿಯ ನಮ್ಮೂರಿನ ಒಬ್ಬ ಹತ್ತಿದ, ಬಂದು ನನ್ನ ಕಿವಿಯ ಹತ್ತಿರ ಮಾತಾಡಿದ.

ಚೀಲ ಹೊತ್ತು ಥಪ್ಪಿ ಹತ್ತುವಾಗ ಬೆನ್ನ ಮೇಲಿಂದ ಜಾರಿತ್ತು. ಅದನ್ನು ಹಿಡಿಯಲು ಕಾಕಾ ತಿರುಗಿದ. ಚೀಲದ ಜೊತೆ ಕಾಕಾನೂ ಕೆಳಗೆ ಬಿದ್ದ. ಸುಪರ್‌ವೈಜರ್ ಓಡಿ ಬಂದ. ಬಂದವನೇ ಜಾಕೆಟ್ಟಿನ ಚೈನಿಗೆ ಕೈಹಾಕಿದ. ಪಾಪ, ಉಸಿರಾಡಲಿ ಎಂದು ಸಡಿಲ ಮಾಡುತ್ತಿದ್ದಾನೆ ಎಂದುಕೊಂಡರು ಉಳಿದವರು. ಆತ ಬೆನ್ನು ಮುರಿದ ಮನುಷ್ಯನನ್ನು ಅತ್ತ ಇತ್ತ ಹೊರಳಿಸಿ ಜಾಕೆಟ್ ಬಿಚ್ಚಿಕೊಂಡು, ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಜೀಪು ತರಿಸಿದ.

ನೀರು ಕೊಡಲಿಲ್ಲ, ಕಾಕಾ ಎಂದು ಕರೆಯಲಿಲ್ಲ, ಮೊದಲು ಜಾಕೆಟ್ ಬಿಚ್ಚಿದರು!

ಡ್ಯೂಟಿ ಮುಗಿಸಿ ಖಾಕಿಯಲ್ಲೇ ಗೋಕಾಕದ ಆಸ್ಪತ್ರೆಗೆ ಓಡಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಗೋಡೆಗೆ ಒರಗಿ ಕುಳಿತಿದ್ದಳು. ಮನೆಯ ಮಾಳಿಗೆ ಮೇಲಿಂದ ಬಿದ್ದದ್ದು ಎಂದು ಬರೆಸಿ, ಕರೆತಂದವರು ಹೋಗಿಬಿಟ್ಟಿದ್ದರು.

"ಕರಕೊಂಡ ಬಂದಾವ್ರು ಹಂಗ ಹೇಳ್ಯಾರ್ರಿ" ಎಂದರು ಡಾಕ್ಟರು.

"ಅವರ ಮನಿಗೆ ಮಾಳಿಗೀನ ಇಲ್ಲರೀ! ತಗಡಿನ ಮನಿ ಐತಿ. ಬೆಕ್ಕ ಹತ್ತಿದ್ರೂ ಬಗ್ಗತೈತಿ. ಮುಂಜಾನೆ ಗೋದಾಮಿನ ಮುಂದ ನಾನ ಇಳಿಸೇನಿ ಇವರನ್ನ."

ವಾರ್ಡೆಲ್ಲ ತಿರುಗಿ ನೋಡಿತು. ಡಾಕ್ಟರು ನೀವೂ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಕಾಕಾ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಸೊಂಟದ ಕೆಳಗೆ ಆತನಿಗೆ ಏನೂ ತಿಳಿಯುತ್ತಿರಲಿಲ್ಲ.

ನನ್ನ ರಜೆಯ ದಿನ ಕಾಕುವನ್ನು ಕರೆದುಕೊಂಡು ಗೋದಾಮಿಗೆ ಹೋದೆ. "ಅವರು ನಮ್ಮ ಮನಷ್ಯಾ ಅಲ್ಲರಿ, ಏಜೆನ್ಸಿ ಮನಷ್ಯಾ" ಎಂದ ಮ್ಯಾನೇಜರು. "ಹೊತ್ತ ಚೀಲಾ ಯಾರವು?" ಎಂದು ಕೇಳಿದೆ. ಆತ ಫೋನು ಬಂತೆಂದು ಎದ್ದು ಹೋದ. ಅಲ್ಲಿಂದ ಹುಕ್ಕೇರಿ. ಮೊಬೈಲ್ ಅಂಗಡಿಯ ಮೇಲೆ ಒಂದು ಕೋಣೆ, ಅದೇ ಏಜೆನ್ಸಿ. ಇಸ್ತ್ರಿ ಅಂಗಿಯ ಒಬ್ಬಾತ ಬಹಳ ಮರ್ಯಾದೆಯಿಂದ ಕೂರಿಸಿ ಚಹಾ ತರಿಸಿದ.

"ಅವತ್ತ ಅವರು ಕೆಲಸಕ್ಕ ಬಂದೇ ಇಲ್ಲರಿ" ಎಂದು ತನ್ನ ಮೊಬೈಲನ್ನು ನಮ್ಮ ಕಡೆ ತಿರುಗಿಸಿದ. ಗೂಟಗಳ ಸಾಲಿನ ಫೋಟೋ. ಎಲ್ಲ ಗೂಟಗಳೂ ಖಾಲಿ, ಒಂದರಲ್ಲಿ ಮಾತ್ರ ಜಾಕೆಟ್ ತೂಗುತ್ತಿತ್ತು. ಕಾಕಾನ ನಂಬರು. "ಜಾಕೆಟ್ ಗೂಟದಾಗ ಐತಿ ಅಂದ್ರ ಮನಷ್ಯಾ ಬಂದಿಲ್ಲ ಅಂತನ ಅರ್ಥ ಅಲ್ರಿ?"

ಬಿದ್ದವನ ಮೈಯಿಂದ ಬಿಚ್ಚಿದ್ದು ಯಾಕೆಂದು ನನಗೆ ಆಗ ತಿಳಿಯಿತು.

"ಗೇಟಿಗೆ ನಾನ ಇಳಿಸೇನಿ" ಎಂದೆ.

"ಗೇಟಿಗೆ ಇಳದಾವ್ರೆಲ್ಲಾ ಒಳಗ ಬರ್ತಾರೇನ್ರಿ ಮೇಡಂ?"

ಕಾಕು ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. "ನಮ್ಮ ಮನಿಗೆ ಮಾಳಿಗಿ ಇಲ್ಲೋ ಯಪ್ಪಾ" ಎಂದಳು.

"ಹಂಗಾರ ಗಿಡದ ಮ್ಯಾಲಿಂದ ಬಿದ್ದಿರಬೇಕ ಬಿಡ್ರಿ."

ಆ ಚಹಾ ನಾವು ಮುಟ್ಟಲಿಲ್ಲ. ಮೆಟ್ಟಿಲು ಇಳಿಯುವಾಗ ನಾನು ಬೈದ ಬೈಗುಳ ಕೆಳಗಿನ ಮೊಬೈಲ್ ಅಂಗಡಿಯವರಿಗೂ ಕೇಳಿಸಿರಬೇಕು, ಅವರು ಹೊರಗೆ ಬಂದು ನೋಡಿದರು. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು. ಕ್ಯಾಮೆರಾ ಅವತ್ತು ಕೆಟ್ಟಿತ್ತು ಎಂದು ಗೋದಾಮಿನವರು ಹೇಳಿದರಂತೆ. ಬಿದ್ದದ್ದನ್ನು ಕಂಡವರು ಯಾರು ಎಂದು ಕೇಳಿದರು. ನನಗೆ ಬಸ್ಸಿನಲ್ಲಿ ಹೇಳಿದ್ದ ನಮ್ಮೂರಿನವನ ಬಾಗಿಲಿಗೆ ಹೋದೆ. "ಅಕ್ಕಾ, ನಾ ಹೇಳಿಲ್ಲ, ನೀ ಕೇಳಿಲ್ಲ ಅಂತ ತಿಳಕೋ. ನಾಳೆ ನನಗ ಜಾಕೆಟ್ ಕೊಡೂದಿಲ್ಲ ಅವರು" ಎಂದು ಕೈಮುಗಿದ. ಅವನ ಮೇಲೂ ಸಿಟ್ಟು ಬಂತು. ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಅವನ ಬೆನ್ನಿನ ಮೇಲೂ ಅದೇ ಪ್ಲಾಸ್ಟಿಕ್ಕು...

ಕಾಕಾನನ್ನು ಮನೆಗೆ ತಂದು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿಸಿದರು. ಕಂಬಳಿ ಈಗ ಹಾಸಿಗೆಯಾಯಿತು. ಮಾತಾಡಿಸಲು ಬಂದ ಪ್ರತಿಯೊಬ್ಬರಿಗೂ ಆತ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ನಾ ಮನ್ಯಾಗ ಬಿದ್ದಿಲ್ಲ. ಗೋದಾಮಿನ್ಯಾಗ ಬಿದ್ದೇನಿ." ಜನ ಹೌದು ಹೌದು ಎನ್ನುತ್ತಿದ್ದರು. ರಸ್ತೆಗೆ ಹೋದ ಮೇಲೆ ಪಾಪ, ಮಾಳಿಗೆಯಿಂದ ಬಿದ್ದನಂತೆ ಎನ್ನುತ್ತಿದ್ದರು. ಕಾಗದದಲ್ಲಿ ಬರೆದದ್ದಕ್ಕೆ ಅಷ್ಟು ಬಲ, ಎದುರಿಗೆ ಮಲಗಿದ ಮನುಷ್ಯನ ಮಾತಿಗೆ ಇಲ್ಲ.

ಒಂದು ಸಂಜೆ ನಾನು ಹೊರಸಿನ ಅಂಚಿಗೆ ಕುಳಿತಿದ್ದೆ. "ನೀ ದಿನಾ ಅದ ದಾರ್ಯಾಗ ಹೊಕ್ಕಿ. ಮಂದಿಗೆ ಹೇಳವಾ, ಎಲ್ಲಿ ಬಿದ್ದೇನಿ ಅಂತ. ಮತ್ತೇನೂ ಬ್ಯಾಡ ನನಗ" ಎಂದ. ಸುಗ್ಗಿ ಬರುವ ಮೊದಲೇ ಹೋಗಿಬಿಟ್ಟ. ಬೆನ್ನಿನ ಹುಣ್ಣುಗಳು ಮಾಯಲಿಲ್ಲ. ಮಣ್ಣಿಗೆ ಬಂದವರಲ್ಲೂ ಒಬ್ಬರು, ಮನೆಯಲ್ಲಿ ಬಿದ್ದದ್ದೇ ನೆಪ ಆಯಿತು ನೋಡಿ, ಎಂದರು. ಕಾಕು ಅಳುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು.

ಮರುದಿನ ಡ್ಯೂಟಿಗೆ ಹೋದೆ. ಗೇಟು ಹತ್ತಿರ ಬಂದಾಗ ಬಾಗಿಲಲ್ಲಿ ನಿಂತು ಇದ್ದಷ್ಟು ಗಂಟಲಿನಿಂದ ಕೂಗಿದೆ: "ಕಾಕಾ ಬಿದ್ದ ಗೋದಾಮ! ಯಾರ್ಯಾರು ಅದೀರಿ, ಇಳೀರಿ!" ಇಳಿಯುವವರು ಹೆದರಿ ನನ್ನನ್ನು ನೋಡಿದರು. ಅಂದಿನಿಂದ ಹೋಗುವಾಗ ಬರುವಾಗ ಹಾಗೇ ಕೂಗುತ್ತೇನೆ. ಯಾರೋ ದೂರು ಕೊಟ್ಟದ್ದರಿಂದ ಡಿಪೋದ ಸಾಹೇಬರು ಕರೆಸಿ ಕೇಳಿದರು. ಮಂದಿಗೆ ಸ್ಟಾಪಿನ ಗುರುತು ಹೇಳಬೇಡವೇ ಸಾಹೇಬರೇ, ಎಂದೆ.

ಮೊನ್ನೆ ಆ ಬೆದರುಗೊಂಬೆಯನ್ನು ದಾಟಿ ಬಸ್ಸು ಮುಂದೆ ಹೋದ ಮೇಲೂ ನನ್ನ ಕಣ್ಣಲ್ಲಿ ಆ ಪಟ್ಟಿಗಳೇ ಹೊಳೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಒಬ್ಬ ಹೊಸ ಆಳು ಕುಳಿತಿದ್ದ, ಹಿಡಕಲ್ ಕಡೆಯವನಂತೆ. ಕುಲಗೋಡದಲ್ಲಿ ಹತ್ತಿದ್ದ, ಇನ್ನೂ ಟಿಕೆಟ್ ತೆಗೆದುಕೊಂಡಿರಲಿಲ್ಲ.

"ಎಲ್ಲಿಗೆ?"

"ಕಾಕಾ ಬಿದ್ದ ಗೋದಾಮ, ಒಂದ ಕೊಡ್ರಿ."

ನನ್ನ ಕೈ ಮಷಿನ್ನಿನ ಮೇಲೇ ನಿಂತಿತು. "ಯಾವ ಕಾಕಾ, ಗೊತ್ತೇನ?"

"ಇಲ್ಲರಿ. ಎಲ್ಲಾರೂ ಹಂಗ ಅಂತಾರ್ರಿ."

ಮಷಿನ್ನಿನಿಂದ ಬಂದ ಟಿಕೆಟ್ಟಿನಲ್ಲಿ ಸ್ಟಾಪಿಗೆ ಬೇರೆ ಹೆಸರಿತ್ತು. ಹರಿದು ಕೊಟ್ಟೆ. ಸ್ಟಾಪು ಬರುವವರೆಗೆ ಅವನ ಪಕ್ಕದಲ್ಲೇ ನಿಂತು ಕಾಕಾ ಯಾರು, ಹೇಗೆ ಬಿದ್ದ, ಬಿದ್ದ ಮೇಲೆ ಏನು ಮಾಡಿದರು, ಎಲ್ಲ ಹೇಳಿದೆ. ಅವನು ಬಾಯಿ ತೆರೆದು ಕೇಳಿದ. ಬಸ್ಸು ನಿಂತಿತು, ಇಳಿದ. ಕಾಕಾ ಇಲ್ಲ, ಬಾಗಿಲ ಪಕ್ಕದ ಸೀಟಿನಲ್ಲಿ ಈಗ ಯಾರ್ಯಾರೋ ಕೂರುತ್ತಾರೆ. ಇಳಿಯುವವರು, ಹತ್ತುವವರು ಎಲ್ಲ ಮುಗಿದ ಮೇಲೆ ಸೀಟಿ ಊದಿ ಹಿಂದೆ ನೋಡಿದೆ. ಆ ಹುಡುಗ ಗೇಟಿನ ಕೋಣೆಯಿಂದ ಹೊರಗೆ ಬಂದು, ಜಾಕೆಟ್ಟಿನ ಚೈನು ಎಳೆದುಕೊಳ್ಳುತ್ತ, ನನ್ನ ಬಸ್ಸನ್ನೇ ನೋಡುತ್ತಿದ್ದ.